ಎರಡನೇ ಮಹಡಿಯ ಬೀಗ

ಜುಲೈ ೩, ಸೋಮವಾರ

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಇರುವಾಗ ನನ್ನ ತಲೆಗೆ ಇಡೀ ಜಗತ್ತನ್ನೇ ಕಟ್ಟಿದ್ದಾರೆ. ಹೊಸ ವಿಷಯವಂತೆ, ‘ವಿಶ್ವ ಪೌರತ್ವ ಮತ್ತು ಅಭಿವೃದ್ಧಿ’. ಏಳನೇ ತರಗತಿಗೆ ವಾರಕ್ಕೆ ಎರಡು ಪೀರಿಯಡ್, ಬುಧವಾರ ಮತ್ತು ಶುಕ್ರವಾರ, ಎರಡೂ ದಿನದ ಕೊನೆಯಲ್ಲಿ. ಯಾರು ತೆಗೆದುಕೊಳ್ಳುತ್ತೀರಿ ಎಂದು ಹೆಡ್‌ಮೇಡಂ ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ತಂತಮ್ಮ ಪೆನ್ನಿನ ಮುಚ್ಚಳ ನೋಡಿಕೊಂಡರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಅದೇ ತಪ್ಪಾಯಿತು.

"ನಿಮಗೆ ಅನುಭವ ಇದೆಯಲ್ಲ ಸರ್," ಎಂದರು.

ಮೂವತ್ತೊಂದು ವರ್ಷ ಭಾಷೆಯ ಪಾಠ ಮಾಡಿದ್ದೇನೆ. ಪಾಸ್‌ಪೋರ್ಟ್ ಹೇಗಿರುತ್ತದೆಂದು ಸರಿಯಾಗಿ ನೋಡಿಲ್ಲ. ಅನುಭವವಂತೆ!

ಮನೆಯಲ್ಲಿ ಹೇಳಿದರೆ ಹೆಂಡತಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ನಿಲ್ಲಿಸಿ ನಕ್ಕಳು. "ಊರ ಉಸಾಬರಿ ಸಾಲದೂಂತ ಲೋಕದ ಉಸಾಬರಿ ಬೇರೆಯಾ? ಅಡುಗೆಮನೆ ನಲ್ಲಿ ಸೋರೋಕೆ ಶುರುವಾಗಿ ತಿಂಗಳಾಯ್ತು, ಅದನ್ನೂ ಪಾಠದಲ್ಲಿ ಸೇರಿಸ್ಕೊಳ್ಳಿ."

ಕೈಪಿಡಿ ನೂರಾ ನಲವತ್ತು ಪುಟ ಇದೆ. ಮುಖಪುಟದಲ್ಲಿ ಎಲ್ಲ ಬಣ್ಣದ ಮಕ್ಕಳು ಕೈ ಕೈ ಹಿಡಿದು ಭೂಮಿಯ ಸುತ್ತ ನಿಂತಿದ್ದಾರೆ. ನಮ್ಮ ಏಳನೇ ತರಗತಿಯಲ್ಲಿ ಇಬ್ಬರ ಕೈ ಹಿಡಿಸಿ ಸಾಲಾಗಿ ನಿಲ್ಲಿಸುವುದಕ್ಕೇ ಅರ್ಧ ಪೀರಿಯಡ್ ಬೇಕು.

ಜುಲೈ ೧೨, ಬುಧವಾರ

ಕೈಪಿಡಿಯ ಎರಡನೇ ಪಾಠ, ‘ನಮ್ಮ ವಸ್ತುಗಳು ಎಲ್ಲಿಂದ ಬಂದವು?’ ಚೀಲ, ಚಪ್ಪಲಿ, ಪೆನ್ಸಿಲ್ ಡಬ್ಬಿ ಎಲ್ಲವನ್ನೂ ತಿರುಗಿಸಿ ಹೆಸರು ಓದಿ, ನಕ್ಷೆಯಲ್ಲಿ ಆ ದೇಶಕ್ಕೆ ಗುಂಡುಪಿನ್ನು ಚುಚ್ಚಬೇಕು. ಪಿನ್ನು ಹಂಚಿದ್ದೇ ತಡ, ಭೂಮಿಗಿಂತ ಹೆಚ್ಚು ಪಿನ್ನು ಪಕ್ಕದವರ ತೊಡೆಗೆ ಚುಚ್ಚಿದವು.

ಕಿಟಕಿಯ ಪಕ್ಕ ಕೂರುವ ಒಬ್ಬ ಹುಡುಗಿ ಇದ್ದಾಳೆ. ನಾನು ಸ್ಟಾಫ್ ರೂಮಿನಲ್ಲಿ ಅವಳಿಗೆ ‘ಯಾಕೆ-ಸರ್’ ಎಂದು ಹೆಸರಿಟ್ಟಿದ್ದೇನೆ. ಹಾಜರಿ ಕೂಗಿದರೂ ಯಾಕೆ ಸರ್ ಎಂದು ಕೇಳುವ ಪೈಕಿ. ಇವತ್ತು ಎದ್ದು ನಿಂತು, "ನಮ್ಮಮ್ಮ ಗಾರ್ಮೆಂಟ್ಸಲ್ಲಿ ಕಾಲರ್ ಹೊಲೀತಾರೆ ಸರ್. ದಿನಕ್ಕೆ ಐನೂರು ಕಾಲರ್. ಆದ್ರೆ ಆ ಅಂಗಿ ಇಲ್ಲಿ ಯಾವ ಅಂಗಡೀಲೂ ಸಿಗಲ್ಲ. ಯಾಕೆ ಸರ್?" ಎಂದಳು.

"ಅವು ದೂರದ ದೇಶಕ್ಕೆ ಹೋಗ್ತವಮ್ಮ," ಎಂದೆ.

"ಹಾಕ್ಕೊಳ್ಳೋರಿಗೆ ನಮ್ಮಮ್ಮ ಗೊತ್ತಾ ಸರ್?"

ಗೊತ್ತಿರುವುದಿಲ್ಲ ಎಂದೆ. ಇನ್ನೊಂದು ಯಾಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಪಿನ್ನುಗಳನ್ನು ಆರಿಸಿಕೊಂಡು ಬರುವಾಗ ಸೊಂಟ ಹಿಡಿಯಿತು.

ಜುಲೈ ೨೩, ಭಾನುವಾರ

ಮೂವತ್ತೆಂಟು ಪತ್ರ ತಿದ್ದಿ ಕಣ್ಣು ಉರಿಯುತ್ತಿದೆ. ಐದನೇ ಪಾಠ, ‘ದನಿ ಎತ್ತೋಣ’. ಪ್ರಪಂಚದಲ್ಲಿ ಎಲ್ಲಾದರೂ ತಪ್ಪಾಗುತ್ತಿದ್ದರೆ ಅದಕ್ಕೆ ಹೊಣೆಯಾದವರಿಗೆ ಪತ್ರ ಬರೆಯಬೇಕು. ಈ ಕೈಪಿಡಿ ತಂದ ತರಬೇತಿ ಸಂಸ್ಥೆಯ ಮೇಡಂ ಬಂದು, ಸುಮ್ಮನೆ ಬರೆಸಿ ನೋಟುಬುಕ್ಕಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ, ನಿಜವಾಗಿ ಕಳಿಸಬೇಕು, ಅನುವಾದ ಮಾಡಿ ನಾವೇ ಕಳಿಸುತ್ತೇವೆ ಎಂದು ಹೇಳಿಹೋಗಿದ್ದರು. ಅತಿ ಒಳ್ಳೆಯ ತರಗತಿಗೆ ಫಲಕ ಉಂಟಂತೆ. ಫಲಕ ಎಂದ ಕೂಡಲೇ ಹೆಡ್‌ಮೇಡಂ ಕಣ್ಣು ದೊಡ್ಡದಾಯಿತು.

ಹನ್ನೊಂದು ಮಂದಿ ಹಿಮಕರಡಿಯ ಪರವಾಗಿ ಬರೆದಿದ್ದಾರೆ. ಒಬ್ಬ ಯುದ್ಧ ನಿಲ್ಲಿಸಿ ಎಂದು ಬರೆದು, ಯಾವ ಯುದ್ಧ ಎಂದು ಬರೆಯಲು ಜಾಗ ಬಿಟ್ಟಿದ್ದಾನೆ. ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ‘ಪ್ರಪಂಚ’ ಎಂಬ ಒಂದೇ ಪದವನ್ನು ಆರು ಬಗೆಯಲ್ಲಿ ಬರೆದಿದ್ದಾರೆ. ಯಾಕೆ-ಸರ್ ಬರೆದದ್ದು ಅಂಗಿ ಕಂಪನಿಗೆ, ಬರವಣಿಗೆ ಶುದ್ಧವಾಗಿದೆ. ಹತ್ತಕ್ಕೆ ಎಂಟೂವರೆ ಕೊಟ್ಟು, ‘ಅಕ್ಷರ ಇನ್ನೂ ದುಂಡಗಿರಲಿ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ನಾಳೆ ಎಲ್ಲರಿಂದ ಶುದ್ಧ ಪ್ರತಿ ಮಾಡಿಸಿ ಕವರಿಗೆ ಹಾಕಬೇಕು.

ಆಗಸ್ಟ್ ೨, ಬುಧವಾರ

ಫಲಕ ನಮ್ಮದೇ! ಹೆಡ್‌ಮೇಡಂ ನನ್ನನ್ನು ವೇದಿಕೆಗೆ ಕರೆದರು. ಗಣಿತದ ಮೇಷ್ಟ್ರು ಕೈ ಕುಲುಕಿ, "ಈಗ ನೀವು ಅಂತಾರಾಷ್ಟ್ರೀಯ ವ್ಯಕ್ತಿ, ಸ್ಟಾಫ್ ರೂಮಿನ ಕಾಫಿ ನಿಮಗೆ ಹಿಡಿಸುತ್ತೋ ಇಲ್ಲವೋ," ಎಂದು ಚುಚ್ಚಿದರು. ಚುಚ್ಚಲಿ. ಈ ವಯಸ್ಸಿನಲ್ಲಿ ಚಪ್ಪಾಳೆ ಬಿದ್ದದ್ದು ನಿಜವಾಗಿಯೂ ಖುಷಿಯಾಯಿತು. ನಲ್ಲಿಯನ್ನೂ ರಿಪೇರಿ ಮಾಡಿಸಿದೆ.

ಸೆಪ್ಟೆಂಬರ್ ೧೧, ಸೋಮವಾರ

ಎರಡನೇ ಪೀರಿಯಡ್ಡಿನಲ್ಲಿ ಹೆಡ್‌ಮೇಡಂ ಕರೆಸಿದರು. ಅವರ ಎದುರು ಒಬ್ಬ ಮನುಷ್ಯ ಕೂತಿದ್ದ. ಇಸ್ತ್ರಿಯ ಗೆರೆ ಕೆಡದ ಅಂಗಿ, ಮೆದು ಮಾತು. ಗಾರ್ಮೆಂಟ್ಸಿನ ಮ್ಯಾನೇಜರ್ ಎಂದು ಪರಿಚಯಿಸಿದರು. ಆತ ಒಂದು ಕಾಗದವನ್ನು ನನ್ನ ಕಡೆ ಸರಿಸಿದ. ನಮ್ಮ ಶಾಲೆಯ ಹೆಸರು, ಏಳನೇ ತರಗತಿ, ದುಂಡಗಿನ ಅಕ್ಷರ.

ಇಲ್ಲಿ ಪೂರ್ತಿ ನಕಲು ಮಾಡುತ್ತೇನೆ. ಜುಲೈಯಲ್ಲಿ ನಾನು ಇದನ್ನು ಓದಿರಲಿಲ್ಲ, ತಿದ್ದಿದ್ದೆ ಅಷ್ಟೆ.

‘ಮಾನ್ಯರೇ, ನಿಮ್ಮ ಅಂಗಿಗಳ ಕಾಲರನ್ನು ನನ್ನ ಅಮ್ಮ ಹೊಲಿಯುತ್ತಾರೆ. ಅವರು ಎರಡನೇ ಮಹಡಿಯಲ್ಲಿ ಕಿಟಕಿಯಿಂದ ಮೂರನೇ ಮಷೀನಿನಲ್ಲಿ ಕೂರುತ್ತಾರೆ. ಆ ಮಹಡಿಯಲ್ಲಿ ನೂರಾ ಹತ್ತು ಜನ ಇದ್ದಾರೆ. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿರುತ್ತಾರೆ. ಅಲ್ಲಿಂದ ಬಟ್ಟೆ ಕದ್ದುಕೊಂಡು ಹೋಗುತ್ತಾರೆ ಎಂದು ಹಾಗೆ ಮಾಡುತ್ತಾರಂತೆ. ನಾನು ಊಟದ ಡಬ್ಬಿ ಕೊಡಲು ಹೋದಾಗ ನೋಡಿದ್ದೇನೆ. ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಅಮ್ಮನಿಗೆ ಯಾರೂ ಹೇಳಿಕೊಟ್ಟಿಲ್ಲ. ದಯವಿಟ್ಟು ಬೀಗ ತೆಗೆಸಿ. ನಿಮ್ಮ ಅಂಗಿಯನ್ನು ಅಮ್ಮ ಕದಿಯುವುದಿಲ್ಲ. ಅವು ಅವರಿಗೆ ತುಂಬಾ ದೊಡ್ಡವಾಗುತ್ತವೆ.’

"ಮಕ್ಕಳು ಚೆನ್ನಾಗಿ ಬರೀತಾರೆ," ಎಂದ ಮ್ಯಾನೇಜರ್. "ದೂರದ ಕಂಪನಿಯವರು ಇದನ್ನ ನಮಗೇ ಕಳಿಸಿ ವಿವರಣೆ ಕೇಳಿದ್ದಾರೆ. ಮೂರು ತಿಂಗಳ ಆರ್ಡರ್ ನಿಂತಿದೆ ಸರ್. ನಿಮಗೆ ಇದು ಪಾಠ. ನಮಗೆ ಹೊಟ್ಟೆಪಾಡು."

ಕಿಟಕಿಯಿಂದ ಮೂರನೇ ಮಷೀನು ಎಂದು ಬರೆದ ಮೇಲೆ ಹುಡುಕುವ ಕಷ್ಟವೂ ಅವರಿಗೆ ಬಿದ್ದಿರಲಾರದು. ಮಧ್ಯಾಹ್ನ ಏಳನೇ ತರಗತಿಗೆ ಹೋದರೆ ಕಿಟಕಿಯ ಪಕ್ಕದ ಜಾಗ ಖಾಲಿ ಇತ್ತು.

ಸೆಪ್ಟೆಂಬರ್ ೧೨, ಮಂಗಳವಾರ

ಶಾಲೆ ಬಿಟ್ಟ ಮೇಲೆ ಅವರ ಮನೆ ಹುಡುಕಿಕೊಂಡು ಹೋದೆ. ಒಂದೇ ಉದ್ದನೆಯ ಕಟ್ಟಡ, ಹದಿನಾರು ಬಾಗಿಲು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನೀರಿನ ತೊಟ್ಟಿ. ಹುಡುಗಿಯ ತಾಯಿ ಬಾಗಿಲಲ್ಲೇ ಕೂತು ಪಕ್ಕದ ಮನೆಯವರ ಪರದೆಗೆ ಕೈಹೊಲಿಗೆ ಹಾಕುತ್ತಿದ್ದಳು. ಮೂವತ್ತೈದು ಇರಬಹುದು. ನನ್ನನ್ನು ಕಂಡು ಎದ್ದಳು, ಕುರ್ಚಿ ತಂದಳು, ಒರೆಸಿದಳು. ಅಷ್ಟು ಮರ್ಯಾದೆ ಮಾಡಬಾರದಿತ್ತು. ಬೈದಿದ್ದರೆ ಕೂರುವುದು ಸುಲಭವಾಗುತ್ತಿತ್ತು.

"ಕೆಲಸದಿಂದ ತೆಗೆದ್ರಾ?" ಎಂದೆ.

"ತೆಗೆದಿಲ್ಲ ಮೇಷ್ಟ್ರೇ. ಇದೆಲ್ಲ ತಿಳಿಯಾಗೋವರೆಗೂ ಬರ್ಬೇಡ ಅಂದಿದ್ದಾರೆ. ತೆಗೆದ್ರೆ ಬೇರೆ ಕಡೆ ಕೇಳ್ಬಹುದು. ಹೀಗಾದ್ರೆ ಅದೂ ಇಲ್ಲ."

"ಅದು ನಾನು ಗಮನಿಸಬೇಕಿತ್ತು."

"ಅವಳು ಬರ್ದದ್ದು ನಂಗೂ ಗೊತ್ತಿರ್ಲಿಲ್ಲ. ನೀವು ಓದಿದ್ರಲ್ಲ?"

ಓದಿದೆ ಎಂದೆ. ಅದು ಸುಳ್ಳು.

ಹುಡುಗಿ ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಸಮವಸ್ತ್ರ ಹಾಕಿಕೊಂಡಿದ್ದಳು, ಶಾಲೆಗೆ ಮಾತ್ರ ಬಂದಿರಲಿಲ್ಲ. ನಾಳೆ ಬಾಮ್ಮ ಎಂದೆ. ಅವಳು ತಿರುಗಲಿಲ್ಲ. "ಬೀಗ ತೆಗೆದ್ರಾ ಸರ್?" ಎಂದು ಗೋಡೆಯನ್ನೇ ಕೇಳಿದಳು.

ಸೆಪ್ಟೆಂಬರ್ ೧೪, ಗುರುವಾರ

ಮ್ಯಾನೇಜರ್ ಮತ್ತೆ ಬಂದಿದ್ದ. ದಾರಿಯನ್ನೂ ಅವನೇ ತಂದಿದ್ದ. ಆ ಪತ್ರ ತರಗತಿಯಲ್ಲಿ ಬರೆಸಿದ ಕಲ್ಪನೆಯ ಪ್ರಬಂಧ, ನಿಜ ಸಂಗತಿಯಲ್ಲ ಎಂದು ಶಾಲೆಯ ಕಾಗದದಲ್ಲಿ ಬರೆದುಕೊಡಬೇಕು. ಕೆಳಗೆ ಹುಡುಗಿಯ ಸಹಿ, ಮೇಷ್ಟ್ರ ಸಹಿ. ಸೋಮವಾರದಿಂದ ತಾಯಿ ಕೆಲಸಕ್ಕೆ ಬರಬಹುದು. ಹೆಡ್‌ಮೇಡಂ ಕಾಗದದ ಮೇಲೆ ಆಗಲೇ ಮೊಹರು ಒತ್ತಿದ್ದರು.

"ಒಂದು ಸಾಲು ಸರ್. ಎಲ್ಲರಿಗೂ ಒಳ್ಳೇದು," ಎಂದರು. "ನಿಮಗೂ ಇನ್ನು ವರ್ಷ ಉಳಿದಿದೆ. ಮನೆಯವರ ಆಪರೇಷನ್ ಬೇರೆ ಇದೆ."

ಹೆಂಡತಿಯ ಮಂಡಿಯ ಆಪರೇಷನ್ನಿಗೆ ಜನವರಿಯಲ್ಲಿ ದಿನ ಗೊತ್ತಾಗಿದೆ. ಶಾಲೆಯ ವಿಮೆಯಲ್ಲೇ ಆಗಬೇಕು. ಅದನ್ನು ಹೆಡ್‌ಮೇಡಂಗೆ ಹೇಳಿದ್ದು ನಾನೇ, ರಜೆ ಕೇಳುವಾಗ.

ಹುಡುಗಿಯನ್ನು ಕರೆಸಿದರು. ತಾಯಿ ಕೈ ಹಿಡಿದು ಕರೆದುಕೊಂಡು ಬಂದಿದ್ದಳು. "ಹಾಕು," ಎಂದಳು ತಾಯಿ. ಹುಡುಗಿ ಪೆನ್ನು ಹಿಡಿದು ಎರಡು ಸಲ ಓದಿದಳು. "ನಾನು ನೋಡಿದ್ದೀನಲ್ಲ ಸರ್," ಎಂದಳು, ನನಗೆ ಮಾತ್ರ. ತಾಯಿ ಬೆನ್ನಿನ ಮೇಲೆ ಒಂದು ಗುದ್ದಿದಳು. ಗುದ್ದಿ ತಾನೇ ಅಳತೊಡಗಿದಳು. ಹುಡುಗಿ ಅಳಲಿಲ್ಲ, ಪೆನ್ನನ್ನೂ ಮೇಜಿನ ಮೇಲೆ ಇಡಲಿಲ್ಲ. ನಾಳೆ ನೋಡೋಣ ಎಂದು ಹೇಳಿ ಅವರಿಬ್ಬರನ್ನೂ ಮನೆಗೆ ಕಳಿಸಿದೆ.

ಸೆಪ್ಟೆಂಬರ್ ೧೫, ಶುಕ್ರವಾರ

ಒಂದು ಉಪಾಯ ಹೊಳೆಯಿತು. ಬೆಳಿಗ್ಗೆ ಬೇಗ ಹೋಗಿ ಶಾಲೆಯ ಮೊಹರಿನ ಕಾಗದದಲ್ಲಿ ನಾನೇ ಬರೆದೆ. ‘ಸದರಿ ಪತ್ರವನ್ನು ವಿದ್ಯಾರ್ಥಿನಿಯು ಸ್ವಂತವಾಗಿ ಬರೆದುದಲ್ಲ. ಮಾದರಿಗಾಗಿ ನಾನು ಕಲ್ಪಿಸಿ ಹೇಳಿ ಬರೆಸಿದ್ದು. ಅದರಲ್ಲಿನ ಬೀಗದ ವಿಷಯ ನಿಜವಲ್ಲ. ಇದರಿಂದಾದ ತೊಂದರೆಗೆ ವಿಷಾದಿಸುತ್ತೇನೆ.’ ಸಹಿ ನನ್ನದು ಮಾತ್ರ. ಮಗು ಸುಳ್ಳು ಹೇಳುವುದೂ ಬೇಡ, ತಾಯಿಯ ಕೆಲಸವೂ ಉಳಿಯಲಿ, ತಪ್ಪು ನನ್ನ ತಲೆಗಿರಲಿ. ಮ್ಯಾನೇಜರ್ ಓದಿ, "ಇದು ಇನ್ನೂ ಚೆನ್ನಾಗಿದೆ," ಎಂದ.

ಮನಸ್ಸು ಹಗುರಾಯಿತು. ಮೂವತ್ತೊಂದು ವರ್ಷದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ ಎನ್ನಿಸಿತು. ಮನೆಯಲ್ಲಿ ಹೇಳಿದೆ. ಹೆಂಡತಿ, "ಬೀಗ ಇರೋದು ನಿಜಾನಾ?" ಎಂದಳು. ಇರಬಹುದು ಎಂದೆ. ಅವಳು ಬೇರೆ ಮಾತಿಗೆ ಹೋದಳು.

ಸೆಪ್ಟೆಂಬರ್ ೨೦, ಬುಧವಾರ

ತಾಯಿ ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾಳೆ. ಹುಡುಗಿಯೂ ಬಂದಳು. ಇವತ್ತು ಪೀರಿಯಡ್ ಮುಗಿದ ಮೇಲೆ ಅವಳನ್ನು ನಿಲ್ಲಿಸಿಕೊಂಡು, ಇನ್ನು ಭಯವಿಲ್ಲ, ನಿನ್ನ ಮೇಲೆ ಏನೂ ಬರದ ಹಾಗೆ ಬರೆದಿದ್ದೇನೆ ಎಂದೆ. ಧನ್ಯವಾದ ಹೇಳುತ್ತಾಳೆಂದುಕೊಂಡಿದ್ದೆನೋ ಏನೋ.

"ನೀವು ಹೇಳಿಕೊಟ್ಟು ಬರೆಸಿದ್ದು ಅಂತ ಬರೆದ್ರಂತೆ."

"ಹೌದಮ್ಮ. ನಿನಗೋಸ್ಕರ."

"ಅದು ನಾನು ಬರೆದಿದ್ದು ಸರ್."

"ಗೊತ್ತು ಮಗು."

"ಬೀಗ ಇಲ್ಲ ಅಂತ್ಲೂ ಬರೆದ್ರಂತೆ. ನೀವು ಹೋಗಿ ನೋಡಿದ್ರಾ?"

"ಇಲ್ಲ."

"ನೋಡ್ದೆ ಹೇಗೆ ಬರೆದ್ರಿ ಸರ್?"

ಚೀಲ ಹೆಗಲಿಗೇರಿಸಿಕೊಂಡು ಹೋದಳು. ಖಾಲಿ ತರಗತಿಯಲ್ಲಿ ಎಷ್ಟೋ ಹೊತ್ತು ಬೋರ್ಡು ಒರೆಸುತ್ತ ನಿಂತಿದ್ದೆ. ಅದರ ಮೇಲೆ ಏನೂ ಬರೆದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಸೆಪ್ಟೆಂಬರ್ ೨೯, ಶುಕ್ರವಾರ

ಪಾಠ ಒಂಬತ್ತು. ‘ಶುದ್ಧ ನೀರು ಎಲ್ಲರ ಹಕ್ಕು.’ ಓದಿದೆ, ಪ್ರಶ್ನೆ ಇದೆಯಾ ಎಂದೆ. ಯಾರೂ ಕೈ ಎತ್ತಲಿಲ್ಲ. ಕಿಟಕಿಯ ಪಕ್ಕವೂ ಇಲ್ಲ. ಎರಡು ವಾರದಿಂದ ಆ ಕಡೆಯಿಂದ ಒಂದು ಯಾಕೆ ಬಂದಿಲ್ಲ. ಕೇಳಿದ್ದಕ್ಕೆ ಪುಸ್ತಕದಲ್ಲಿರುವ ಹಾಗೇ ಉತ್ತರ ಹೇಳುತ್ತಾಳೆ, ಅಲ್ಪವಿರಾಮ ಸಮೇತ. ಮಿಕ್ಕ ಮೇಷ್ಟ್ರುಗಳು, ಈ ಹುಡುಗಿ ಈಗ ಸರಿಹೋದಳು ಎನ್ನುತ್ತಿದ್ದಾರೆ.

ಅಕ್ಟೋಬರ್ ೫, ಗುರುವಾರ

ಮ್ಯಾನೇಜರನಿಂದ ಆಹ್ವಾನ. ಏಳನೇ ತರಗತಿಯ ಮಕ್ಕಳೆಲ್ಲ ಬಂದು ಗಾರ್ಮೆಂಟ್ಸ್ ನೋಡಬೇಕಂತೆ. ಬಿಸ್ಕತ್ತು, ಜ್ಯೂಸು, ಫೋಟೋ. ದೂರದ ಕಂಪನಿಗೆ ಆ ಫೋಟೋಗಳು ಹೋಗುತ್ತವೆಂದು ಹೇಳಲಿಲ್ಲ, ನಾನೇ ಊಹಿಸಿದೆ. ಹೆಡ್‌ಮೇಡಂ ಕುಣಿಯುವುದೊಂದು ಬಾಕಿ. "ಅನುಭವದ ಕಲಿಕೆ ಸರ್! ಕೈಪಿಡಿಯಲ್ಲೂ ಇದೆ." ಆ ಹುಡುಗಿ ಮುಂದಿನ ಸಾಲಿನಲ್ಲಿ ಇರಲಿ ಎಂದೂ ಹೇಳಿದರು.

ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

ಅಕ್ಟೋಬರ್ ೧೧, ಬುಧವಾರ

ಎಲ್ಲವನ್ನೂ ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತೂವರೆಗೆ ಮೂವತ್ತೆಂಟು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋದೆ. ಗೇಟಿನಲ್ಲಿ ಎಲ್ಲರಿಗೂ ಕಾಗದದ ಟೋಪಿ ಕೊಟ್ಟರು. ಮೊದಲ ಮಹಡಿಯಲ್ಲಿ ಕತ್ತರಿಸುವ ಕೆಲಸ, ಎರಡನೆಯದರಲ್ಲಿ ಹೊಲಿಗೆ. ಮೇಲೆ ಹೋಗುತ್ತಿದ್ದಂತೆ ನೂರು ಮಷೀನಿನ ಸದ್ದು ಎದೆಗೆ ಹೊಡೆಯಿತು. ಹೆಂಗಸರು ಯಾರೂ ತಲೆ ಎತ್ತಲಿಲ್ಲ. ಕಿಟಕಿಯಿಂದ ಮೂರನೇ ಮಷೀನಿನಲ್ಲಿ ತಾಯಿ ಇದ್ದಳು. ಒಂದು ಕಾಲರ್, ಒಂದು ತಿರುವು, ಕತ್ತರಿ, ಪಕ್ಕಕ್ಕೆ. ಮಗಳು ಅವಳ ಪಕ್ಕದಲ್ಲೇ ಹಾದುಹೋದಳು. ಇಬ್ಬರೂ ಗುರುತಿಲ್ಲದವರ ಹಾಗೆ ಇದ್ದರು.

ಹಿಂದಿನ ಬಾಗಿಲು ತೆರೆದಿತ್ತು. ಹಾರುಹೊಡೆದ ಬಾಗಿಲು, ಮುಚ್ಚಿಕೊಳ್ಳದಿರಲಿ ಎಂದು ಬುಡಕ್ಕೆ ಒಂದು ಇಟ್ಟಿಗೆ. ಮೇಲೆ ಹೊಸ ಹಸಿರು ಬೋರ್ಡು, ‘ತುರ್ತು ಹೊರದಾರಿ’. ಅದರ ಅಂಚಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ.

"ಬನ್ನಿ ಮಕ್ಕಳೇ, ಎಲ್ಲರೂ ಈ ಮೆಟ್ಟಿಲಿಂದಲೇ ಇಳಿಯೋಣ," ಎಂದ ಮ್ಯಾನೇಜರ್. ಫೋಟೋದವನು ಕೆಳಗೆ ಕಾಯುತ್ತಿದ್ದ. ಮಕ್ಕಳೆಲ್ಲ ಬಾಗಿಲನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ತರಗತಿಯ ಲೀಡರ್ ಹುಡುಗ, "ಬೀಗ ಎಲ್ಲೇ?" ಎಂದ. ಇನ್ನೊಬ್ಬಳು, "ಸುಳ್ಳುಬುರುಕಿ," ಎಂದಳು. ನಗು ಮೆಟ್ಟಿಲುದ್ದಕ್ಕೂ ಇಳಿದುಹೋಯಿತು. ಹುಡುಗಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ನಾನು ಅವಳ ಹಿಂದೆಯೇ ಇದ್ದೆ, ನಕ್ಕವರನ್ನು ಗದರಿಸಲಿಲ್ಲ. ಬಾಗಿಲು ತೆರೆದಿರುವುದನ್ನು ನಾನೂ ನೋಡಿದ್ದೆ. ಒಂದು ಕ್ಷಣ ಅವಳು ಸುಳ್ಳು ಹೇಳಿರಬಹುದು ಎಂದೂ ಅನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅನ್ನಿಸಿದ್ದು ನಿಜ. ಅಷ್ಟೇ ಅಲ್ಲ, ಹಾಗನ್ನಿಸಿದಾಗ ನೆಮ್ಮದಿಯಾಯಿತು.

ಗೇಟಿನ ಹೊರಗೆ ತಲೆ ಎಣಿಸಿದೆ. ಮೂವತ್ತೆಂಟು ಸರಿ. ಅಷ್ಟರಲ್ಲಿ ಸಾಲಿನ ಕೊನೆಯ ದಪ್ಪ ಹುಡುಗ ಮೇಲೆ ನೀರಿನ ಬಾಟಲಿ ಬಿಟ್ಟುಬಂದೆ ಎಂದು ಅಳುಮುಖ ಮಾಡಿದ. ಹೊಸ ಬಾಟಲಿಯಂತೆ, ಅಮ್ಮ ಹೊಡೆಯುತ್ತಾಳಂತೆ. ಮೇಷ್ಟ್ರಾದವನಿಗೆ ಇದೇನೂ ಹೊಸದಲ್ಲ. ಪ್ರತಿ ಪ್ರವಾಸದಲ್ಲೂ ಒಂದು ಬಾಟಲಿ, ಒಂದು ವಾಂತಿ. ಜೊತೆಗೆ ಬಂದಿದ್ದ ಗಣಿತದ ಮೇಷ್ಟ್ರಿಗೆ ಮಕ್ಕಳನ್ನು ಒಪ್ಪಿಸಿ ನಾನೇ ವಾಪಸು ಹೋದೆ. ಕಾಗದದ ಟೋಪಿ ಇನ್ನೂ ತಲೆಯ ಮೇಲಿತ್ತು, ಕಾವಲುಗಾರ ತಡೆಯಲಿಲ್ಲ.

ಮುಂದಿನ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಬಂದೆ. ನಾವು ಅಲ್ಲಿಂದ ಇಳಿದು ಹತ್ತು ನಿಮಿಷ ಆಗಿತ್ತೋ ಇಲ್ಲವೋ. ಇಟ್ಟಿಗೆ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಸೂಪರ್‌ವೈಸರ್ ನನಗೆ ಬೆನ್ನು ಹಾಕಿ ನಿಂತು ಬೀಗ ಹಾಕಿ, ಜಗ್ಗಿ ನೋಡಿ, ಕೀಲಿಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ. ಆಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಕಾಲಿನಿಂದ ಬಾಗಿಲಿಗೆ ಒತ್ತರಿಸಿದ. ಹಿತ್ತಾಳೆಯ ಬೀಗ, ಅಂಗೈಯಗಲ. ಬಾಗಿಲಿನ ಚಿಲಕ, ಬೀಗ ದಿನವೂ ತಿಕ್ಕಿ ತಿಕ್ಕಿ, ಬಣ್ಣ ಹೋಗಿ ಬೆಳ್ಳಗಾಗಿತ್ತು.

ಯಾರೂ ಆ ಕಡೆ ನೋಡಲಿಲ್ಲ. ನೋಡುವಂಥದ್ದು ಅವರಿಗೆ ಏನಿತ್ತು?

"ಬಾಟ್ಲು ಇಲ್ಲಿದೆ ಮೇಷ್ಟ್ರೇ," ಎಂದು ತಾಯಿ ಮಷೀನಿನ ಕೆಳಗಿನಿಂದ ತೆಗೆದುಕೊಟ್ಟಳು. ಅವಳು ನನ್ನ ಮುಖ ನೋಡಿದಳು. ನಾನು ಏನು ನೋಡಿದೆನೆಂದು ಅವಳಿಗೆ ಗೊತ್ತಾಯಿತು. ಮುಂದಿನ ಕಾಲರನ್ನು ಸೂಜಿಯ ಕೆಳಗೆ ಇಟ್ಟಳು.

ಹೊರಗೆ ಬಂದು ಬಾಟಲಿ ಕೊಟ್ಟೆ. ಹುಡುಗಿ ಸಾಲು ಬಿಟ್ಟು ಬೇರೆ ನಿಂತಿದ್ದಳು. ಹತ್ತಿರ ಹೋಗಿ, "ನೋಡಿದೆ," ಎಂದೆ. ಆ ದಿನ ಹೆಡ್‌ಮೇಡಂ ರೂಮಿನಲ್ಲಿ ಗುದ್ದು ತಿಂದಾಗಲೂ ಅಳದವಳು ರಸ್ತೆಯಲ್ಲಿ ಮೂವತ್ತೇಳು ಮಕ್ಕಳ ಎದುರು ಬಿಕ್ಕಿ ಬಿಕ್ಕಿ ಅತ್ತಳು.

ಅಕ್ಟೋಬರ್ ೧೨, ಗುರುವಾರ

ಸಂಜೆ ಅವರ ಮನೆಗೆ ಹೋದೆ. ತಾಯಿ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದಳು. ಅಗ್ನಿಶಾಮಕ ಕಚೇರಿಗೆ ದೂರು ಕೊಡಬೇಕೆಂದಿದ್ದೇನೆ, ನಿನ್ನ ಒಪ್ಪಿಗೆ ಬೇಕು ಎಂದೆ.

"ನನ್ನ ಹೆಸರು ಬರುತ್ತಾ?"

"ಇಲ್ಲ. ಮಗುವಿನದೂ ಇಲ್ಲ. ನಾನು ನೋಡಿದ್ದು ಮಾತ್ರ."

"ನೀವು ನೋಡಿದ್ದನ್ನ ನೀವು ಬರೀತೀರಿ. ಅದಕ್ಕೆ ನನ್ನ ಯಾಕೆ ಕೇಳ್ತೀರಿ?" ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮತ್ತೆ ಆರ್ಡರ್ ನಿಂತ್ರೆ ನೂರಾ ಹತ್ತು ಜನಾನೂ ಬೀದಿಗೆ. ಅದೂ ಗೊತ್ತಿರ್ಲಿ ಮೇಷ್ಟ್ರೇ. ಬೆಂಕಿ ಬಿದ್ರೆ ಅಂತೀರಿ. ಅದು ಬೀಳ್ದೇನೂ ಇರ್ಬಹುದು. ಹೊಟ್ಟೆಗೆ ಮಾತ್ರ ದಿನಾ ಬೀಳುತ್ತೆ," ಎಂದಳು. ಬರೆಯಿರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಎದ್ದು ಹೊರಟಾಗ ಬಾಗಿಲವರೆಗೆ ಬಂದು ನಿಂತಳು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಶಾಲೆಯಿಂದ ತೆಗೆಯಬಹುದು, ವಿಮೆ ಹೋಗುತ್ತದೆ, ಜನವರಿಯ ಆಪರೇಷನ್ ಆಗಲಿಕ್ಕಿಲ್ಲ, ನಿನ್ನ ಮಂಡಿಗೋಸ್ಕರ ಯೋಚನೆ ಮಾಡುತ್ತಿದ್ದೇನೆ ಎಂದೆ.

"ಮಂಡಿ ನಂದು," ಎಂದಳು. "ನಿಮ್ಮ ಹೆದರಿಕೆಗೆ ಅದನ್ನ ಊರುಗೋಲು ಮಾಡ್ಕೋಬೇಡಿ."

ಅವಳಿಗೂ ಭಯವಾಗಿದೆ. ಅಡುಗೆಮನೆಗೆ ಹೋದವಳು ದೀಪ ಹಾಕದೆ ಕತ್ತಲಲ್ಲೇ ಪಾತ್ರೆ ತೊಳೆಯತೊಡಗಿದಳು.

ಅಕ್ಟೋಬರ್ ೧೩, ಶುಕ್ರವಾರ

ರಜೆ ಹಾಕಿ ಹೋದೆ. ಅಗ್ನಿಶಾಮಕ ಕಚೇರಿಯಲ್ಲಿ ಕೆಂಪು ಬಕೆಟ್ಟುಗಳು ಸಾಲಾಗಿ ನೇತಾಡುತ್ತಿವೆ, ಅರ್ಧದಷ್ಟರಲ್ಲಿ ಮರಳೇ ಇಲ್ಲ. ದೂರಿನ ಫಾರಂ ಒಂದೇ ಪುಟ. ‘ವಿಷಯ ನಿಮಗೆ ಹೇಗೆ ತಿಳಿಯಿತು?’ ಎಂಬ ಕಡೆ ‘ಕಣ್ಣಾರೆ ಕಂಡೆ’ ಎಂದು ಬರೆದು ತಾರೀಕು, ಗಂಟೆ ಹಾಕಿದೆ.

ಅಧಿಕಾರಿಗೆ ನನ್ನ ವಯಸ್ಸೇ ಇರಬಹುದು. ಫಾರಂ ಓದಿದ, ಎದ್ದು ಹೋಗಿ ಕಪಾಟಿನಿಂದ ಒಂದು ಫೈಲು ತಂದ. ಅದರೊಳಗೆ ಶಾಲೆಯ ಮೊಹರಿದ್ದ ಕಾಗದ. ನನ್ನ ಅಕ್ಷರ ನನಗಿಂತ ಮೊದಲೇ ಅಲ್ಲಿ ಬಂದು ಕೂತಿತ್ತು. ಹೋದ ತಿಂಗಳು ಅಗ್ನಿ ಸುರಕ್ಷತೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಗಾರ್ಮೆಂಟ್ಸಿನವರು ಲಗತ್ತಿಸಿದ್ದಂತೆ.

"ಇದು ನಿಮ್ಮ ಸಹಿನೇನಾ ಮೇಷ್ಟ್ರೇ?"

"ಹೌದು."

"ಇದೂ ನಿಮ್ಮದೇ. ಅದರಲ್ಲಿ ಬೀಗ ಇಲ್ಲ ಅಂತೀರಿ, ಇದರಲ್ಲಿ ಇದೆ ಅಂತೀರಿ. ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದೀರೋ?"

"ಆಗ."

"ಹಾಗಂತ ಬರೆದುಕೊಡ್ತೀರಾ? ಇಲ್ಲದಿದ್ರೆ ಈ ಫಾರಂಗೆ ಬೆಲೆಯಿಲ್ಲ. ಬರೆದುಕೊಟ್ರೆ ಒಂದು ಪ್ರತಿ ನಿಮ್ಮ ಶಾಲೆಗೆ ಹೋಗುತ್ತೆ. ಅದು ನಿಯಮ. ಯೋಚನೆ ಮಾಡಿ, ಸೋಮವಾರ ಬೇಕಾದ್ರೂ ಬನ್ನಿ."

ಒಳ್ಳೆಯ ಮನುಷ್ಯ, ಹೋಗಲು ದಾರಿ ಬಿಟ್ಟುಕೊಟ್ಟ. ನಾನು ಬಿಳಿ ಹಾಳೆ ಕೇಳಿದೆ. ಸೆಪ್ಟೆಂಬರ್ ಹದಿನೈದರಂದು ನಾನು ಬರೆದುಕೊಟ್ಟದ್ದು ಸುಳ್ಳು, ಆ ಪತ್ರ ಬರೆದದ್ದು ನನ್ನ ವಿದ್ಯಾರ್ಥಿನಿಯೇ, ಅವಳು ಬರೆದದ್ದು ನಿಜ. ಇಷ್ಟು ಬರೆದೆ. ಬರೆದಾದ ಮೇಲೆ, ವಿದ್ಯಾರ್ಥಿನಿಯ ವಿಷಯ ಬೇಡವೆಂದು ತಾಯಿಗೆ ಮಾತು ಕೊಟ್ಟದ್ದು ನೆನಪಾಯಿತು. ಆ ಹಾಳೆ ಹರಿದು, ಅವಳನ್ನು ಬಿಟ್ಟು ಮತ್ತೆ ಬರೆದೆ. ಅವಳು ಹೇಳಿದ್ದು ನಿಜ ಎಂಬ ಸಾಲನ್ನು ಹಾಕುವ ಹಾಗಿಲ್ಲವೆಂದು ಬಹಳ ದುಃಖವಾಯಿತು.

ಅಧಿಕಾರಿ ಎರಡೂ ಕಾಗದಕ್ಕೆ ಮೊಹರು ಒತ್ತಿದ. "ಹದಿನೈದು ದಿನದೊಳಗೆ ತಪಾಸಣೆಗೆ ಹೋಗ್ತೀವಿ," ಎಂದ.

"ಹೇಳದೆ ಹೋಗ್ತೀರಾ?"

"ಹೇಳದೆ ಹೋಗೋಕೆ ಬರಲ್ಲ. ಎರಡು ದಿನ ಮುಂಚೆ ನೋಟಿಸ್ ಕೊಡ್ಬೇಕು."

"ಹಾಗಾದ್ರೆ ಆ ದಿನ ಬಾಗಿಲು ತೆ​ಗೆದಿರುತ್ತೆ."

ಅವನು ನನ್ನ ಮುಖ ನೋಡಿದ. "ತೆಗೆದಿರುತ್ತೆ," ಎಂದ.

"ಹಾಗಾದ್ರೆ ದಿನಾ ಒಂದು ನೋಟಿಸ್ ಕೊಡಿ."

ಅವನು ನಗುತ್ತಾನೆಂದುಕೊಂಡೆ, ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ದಿನಾ ದೂರು ಬಂದ್ರೆ ದಿನಾ ಕೊಡ್ಬೇಕಾಗುತ್ತೆ," ಎಂದ. "ದಿನಾ ಯಾರು ಬರ್ತಾರೆ ಮೇಷ್ಟ್ರೇ?"

ಪ್ರತಿ ಆಗಲೇ ಶಾಲೆ ಮುಟ್ಟಿತ್ತೆಂದು ಕಾಣುತ್ತದೆ, ಸಂಜೆ ಐದಕ್ಕೆ ಹೆಡ್‌ಮೇಡಂ ಫೋನ್ ಮಾಡಿದ್ದರು. ಸೋಮವಾರದಿಂದ ತರಗತಿಗೆ ಹೋಗಬೇಡಿ, ಕಾಗದ ಮನೆಗೆ ಬರುತ್ತದೆ ಎಂದರು. ಹೆಂಡತಿ ಕಾಫಿ ತಂದಿಟ್ಟು ಪಕ್ಕದಲ್ಲಿ ಕೂತಳು.

ನಾಳೆ ಎರಡನೇ ಶನಿವಾರವಾದರೂ ಅಗ್ನಿಶಾಮಕ ಕಚೇರಿ ಅರ್ಧ ದಿನ ತೆರೆದಿರುತ್ತದಂತೆ. ಹತ್ತು ಗಂಟೆಗೆಲ್ಲ ಅಲ್ಲಿರಬೇಕು. ಇವತ್ತು ಬರುವಾಗ ಹತ್ತು ಖಾಲಿ ಫಾರಂ ಕೇಳಿ ತಂದಿದ್ದೇನೆ.